ಹಳೆಯ ಗಣಕಯಂತ್ರಗಳಿಗೆ ಹಗುರ ಲಿನಕ್ಸ್: ವರ್ತಕರೂ ಸಣ್ಣ ಉದ್ಯಮಿಗಳೂ ಅರಿಯಬೇಕಾದ ಸಂಗತಿಗಳು

ವ್ಯಾಪಾರದಲ್ಲಿ ಬಳಸುವ ಯಂತ್ರವೊಂದನ್ನು ಬದಲಾಯಿಸಬೇಕಾದ ಕಾಲವನ್ನು ಸಾಮಾನ್ಯವಾಗಿ ಆ ಯಂತ್ರವೇ ತಿಳಿಸುತ್ತದೆ. ತಕ್ಕಡಿಯ ತೂಕದಲ್ಲಿ ವ್ಯತ್ಯಾಸ ಬಂದಾಗ, ಮೋಟಾರಿನ ಸುರುಳಿ ಸುಟ್ಟಾಗ ನಾವು ಹೊಸದನ್ನು ಕೊಳ್ಳುತ್ತೇವೆ. ಗಣಕಯಂತ್ರದ ವಿಷಯದಲ್ಲಿ ಹಾಗಿಲ್ಲ. ಯಂತ್ರವು ಸುಸ್ಥಿತಿಯಲ್ಲಿದ್ದರೂ ಅದನ್ನು ನಡೆಸುವ ತಂತ್ರಾಂಶದ ಆಯುಷ್ಯ ಮುಗಿಯಿತೆಂದು ತಯಾರಕರು ಘೋಷಿಸಬಹುದು. 2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರ ನಂತರದ ವಿಂಡೋಸ್ 11 ಹಳೆಯ ಯಂತ್ರಗಳಲ್ಲಿ ಅಧಿಕೃತವಾಗಿ ನಡೆಯುವುದಿಲ್ಲ.

ಕೋಲಾರ ಜಿಲ್ಲೆಯ ವ್ಯಾಪಾರಕ್ಕೆ ಈ ಸಂಗತಿ ನೇರವಾಗಿ ಸಂಬಂಧಿಸಿದೆ. ಕೋಲಾರದಿಂದ ಮುಳಬಾಗಿಲಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿರುವ ದೇವರಾಯಸಮುದ್ರದ ಅಂಗಡಿಗಳಿರಲಿ, ವಡ್ಡಹಳ್ಳಿಯ ಟೊಮೇಟೊ ಮಂಡಿಗಳಿರಲಿ, ಶ್ರೀನಿವಾಸಪುರದ ಮಾವಿನ ವಹಿವಾಟಿರಲಿ, ಮಾಲೂರಿನ ಹೆಂಚು ಮತ್ತು ಇಟ್ಟಿಗೆ ಕಾರ್ಖಾನೆಗಳಿರಲಿ, ಲೆಕ್ಕಪತ್ರಗಳು ಇಂದು ಗಣಕಯಂತ್ರವನ್ನೇ ಅವಲಂಬಿಸಿವೆ. ಇಂತಹ ಕಡೆಗಳಲ್ಲಿ ಹತ್ತು ವರ್ಷ ಹಿಂದೆ ಕೊಂಡ ಯಂತ್ರ ಇಂದಿಗೂ ದುಡಿಯುತ್ತಿರುವುದು ಅಪರೂಪವೇನಲ್ಲ. ಅದನ್ನು ಗುಜರಿಗೆ ಹಾಕಬೇಕೇ, ಹಾಗೆಯೇ ಮುಂದುವರಿಸಬೇಕೇ, ಅಥವಾ ಅದಕ್ಕೆ ಬೇರೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಬೇಕೇ ಎಂಬುದು ಪ್ರಶ್ನೆ. ಯಂತ್ರದ ವಯಸ್ಸಿಗಿಂತ ಅದು ಮಾಡುವ ಕೆಲಸವನ್ನು ನೋಡಿ ಇದನ್ನು ನಿರ್ಧರಿಸಬೇಕು ಎಂಬುದೇ ಈ ಲೇಖನದ ಸಾರಾಂಶ.

ಬೆಂಬಲ ಮುಗಿಯಿತು ಎಂದರೇನು?

ಬೆಂಬಲ ಮುಗಿದ ಮರುದಿನ ಯಂತ್ರವು ನಿಂತುಹೋಗುವುದಿಲ್ಲ. ಎಂದಿನಂತೆ ಬಿಲ್ಲು ಮುದ್ರಿಸುತ್ತದೆ, ಲೆಕ್ಕ ತೋರಿಸುತ್ತದೆ. ಆದರೆ ತಂತ್ರಾಂಶದಲ್ಲಿ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ತಯಾರಕರಿಂದ ಪರಿಹಾರ ಬರುವುದು ನಿಲ್ಲುತ್ತದೆ. ಬೀಗದ ನಕಲಿ ಕೀಲಿ ಊರಿನಲ್ಲಿ ಹರಿದಾಡುತ್ತಿದೆಯೆಂದು ತಿಳಿದರೂ ಬೀಗವನ್ನು ಬದಲಾಯಿಸಲಾಗದ ಅಂಗಡಿಯ ಸ್ಥಿತಿ ಅದು.

ಈ ಅಪಾಯಕ್ಕೆ ನಿದರ್ಶನ 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನ್ನಾಕ್ರೈ ದಾಳಿ. ಅದು ಕಡತಗಳನ್ನು ಬೀಗ ಹಾಕಿ, ಬಿಡಿಸಲು ಹಣ ಕೇಳುವ ಬಗೆಯ ದುಷ್ಟ ತಂತ್ರಾಂಶ. ಅದು ಬಳಸಿಕೊಂಡ ದೋಷಕ್ಕೆ ಅದೇ ವರ್ಷದ ಮಾರ್ಚ್ ತಿಂಗಳಲ್ಲಿಯೇ ಪರಿಹಾರ ಬಿಡುಗಡೆಯಾಗಿತ್ತು. ಆ ಪರಿಹಾರವನ್ನು ಹಾಕಿಕೊಳ್ಳದಿದ್ದ ಯಂತ್ರಗಳು ಸಿಕ್ಕಿಬಿದ್ದವು. ನಮ್ಮ ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಯಂತ್ರಗಳೂ ಅದಕ್ಕೆ ತುತ್ತಾದವು.

ವರ್ತಕರಿಗೆ ಇದು ಕೇವಲ ಅನನುಕೂಲದ ವಿಷಯವಲ್ಲ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೆಯ ಪ್ರಕರಣದಂತೆ, ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಿಕೊಳ್ಳಬೇಕು. ವಿದ್ಯುನ್ಮಾನ ರೂಪದ ಲೆಕ್ಕಗಳಿಗೆ ಸರಿಯಾದ ಪ್ರತಿಯನ್ನು ತೆಗೆದಿರಿಸಬೇಕೆಂದು ಅದರ ನಿಯಮಗಳು ಹೇಳುತ್ತವೆ. ಆರು ವರ್ಷಗಳ ಲೆಕ್ಕವಿರುವ ಯಂತ್ರವನ್ನು ಬೆಂಬಲವಿಲ್ಲದ ತಂತ್ರಾಂಶದೊಡನೆ ಅಂತರಜಾಲಕ್ಕೆ ಜೋಡಿಸಿಡುವುದು ತಿಜೋರಿಯನ್ನು ಬೀದಿಯಲ್ಲಿಟ್ಟಂತೆ.

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ವಿಸ್ತರಿತ ಭದ್ರತಾ ಯೋಜನೆಯೊಂದನ್ನು ಪ್ರಕಟಿಸಿತು. ಅದರಂತೆ ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷ, ಸಂಸ್ಥೆಗಳಿಗೆ ಶುಲ್ಕದ ಮೇಲೆ ಗರಿಷ್ಠ ಮೂರು ವರ್ಷ ಭದ್ರತಾ ಪರಿಹಾರಗಳು ದೊರೆಯುತ್ತವೆ. ಸಂಸ್ಥೆಗಳಿಗೆ ವಿಧಿಸುವ ಶುಲ್ಕವು ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುತ್ತದೆ. ಇದು ಯೋಚಿಸಲು ದೊರೆತ ಕಾಲಾವಕಾಶವೇ ಹೊರತು ಶಾಶ್ವತ ಪರಿಹಾರವಲ್ಲ.

ಲಿನಕ್ಸ್ ಮತ್ತು ಅದರ ‘ಹಗುರ’ ರೂಪಗಳು

ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯಲಾರಂಭಿಸಿದ ತಿರುಳು ತಂತ್ರಾಂಶಕ್ಕೆ ಲಿನಕ್ಸ್ ಎಂದು ಹೆಸರು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ತಂತ್ರಾಂಶಗಳೊಡನೆ ಅದು ಸೇರಿ ಪೂರ್ಣ ಕಾರ್ಯಾಚರಣ ವ್ಯವಸ್ಥೆಯಾಯಿತು. ಇದರ ಮೂಲಸಂಕೇತವು ಎಲ್ಲರಿಗೂ ಮುಕ್ತವಾಗಿದೆ. ಯಾರು ಬೇಕಾದರೂ ಪಡೆಯಬಹುದು, ಎಷ್ಟು ಯಂತ್ರಗಳಿಗೆ ಬೇಕಾದರೂ ಹಾಕಿಕೊಳ್ಳಬಹುದು, ವ್ಯಾಪಾರಕ್ಕೂ ಬಳಸಬಹುದು. ಪರವಾನಗಿ ಶುಲ್ಕವಿಲ್ಲ.

ಈ ಕೊನೆಯ ಮಾತನ್ನು ವರ್ತಕರು ವಿಶೇಷವಾಗಿ ಗಮನಿಸಬೇಕು. ಪರವಾನಗಿಯಿಲ್ಲದ ನಕಲಿ ವಿಂಡೋಸನ್ನು ಹಾಕಿಸಿಕೊಳ್ಳುವ ರೂಢಿ ನಮ್ಮಲ್ಲಿ ಇನ್ನೂ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಪ್ರಕರಣದಂತೆ, ನಕಲಿ ತಂತ್ರಾಂಶವೆಂದು ತಿಳಿದೂ ಬಳಸುವವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಕಾರಾಗೃಹವಾಸ ಹಾಗೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಮುಕ್ತ ತಂತ್ರಾಂಶವನ್ನು ಬಳಸುವವರಿಗೆ ಈ ಭಯವಿಲ್ಲ.

ಲಿನಕ್ಸ್ ತಿರುಳಿನೊಡನೆ ಪರದೆಯ ವಿನ್ಯಾಸ, ಬ್ರೌಸರ್, ಕಚೇರಿ ತಂತ್ರಾಂಶ ಮುಂತಾದವನ್ನು ಕಟ್ಟಿ ಕೊಡುವ ಒಂದೊಂದು ಕಂತೆಗೂ ‘ವಿತರಣೆ’ ಎಂದು ಹೆಸರು. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಇವು ಪ್ರಸಿದ್ಧ ವಿತರಣೆಗಳು. ಇವುಗಳಲ್ಲಿ ಕಡಿಮೆ ಸಾಮರ್ಥ್ಯದ ಯಂತ್ರಗಳಿಗೆಂದು ಆಯ್ದು ಕಟ್ಟಿದವನ್ನು ಹಗುರ ವಿತರಣೆಗಳೆನ್ನುತ್ತಾರೆ.

ಹಗುರವೆಂಬುದರ ಅರ್ಥವನ್ನು ಹೀಗೆ ತಿಳಿಯಬಹುದು. ಗಣಕಯಂತ್ರದ ರ್ಯಾಮ್ ಎಂಬುದು ಗುಮಾಸ್ತರ ಮೇಜು. ಹಾರ್ಡ್ ಡಿಸ್ಕ್ ಎಂಬುದು ಹಿಂದಿನ ಗೋದಾಮು. ಮೇಜು ಚಿಕ್ಕದಾಗಿ, ಅದರ ಬಹುಭಾಗವನ್ನು ಕಾರ್ಯಾಚರಣ ವ್ಯವಸ್ಥೆಯೇ ಆಕ್ರಮಿಸಿಕೊಂಡರೆ, ಪ್ರತಿಯೊಂದು ಕಾಗದಕ್ಕೂ ಗೋದಾಮಿಗೆ ಓಡಬೇಕಾಗುತ್ತದೆ. ಯಂತ್ರ ‘ನಿಧಾನ’ ಎಂದು ನಾವು ಹೇಳುವುದು ಬಹುತೇಕ ಈ ಓಡಾಟವನ್ನೇ. ಹಗುರ ವಿತರಣೆಯೊಂದು ಯಾವ ಕೆಲಸವನ್ನೂ ತೆರೆಯದಿರುವಾಗ ಅರ್ಧ ಜಿಬಿಯ ಆಸುಪಾಸಿನಲ್ಲಿ ಸ್ಥಳ ಬಳಸುತ್ತದೆ. ಉಳಿದ ಮೇಜು ನಮ್ಮ ಕೆಲಸಕ್ಕೆ ದೊರೆಯುತ್ತದೆ.

ಆದರೆ ಒಂದು ಮಿತಿಯನ್ನು ಮರೆಯಬಾರದು. ಹಗುರವಾಗುವುದು ಕಾರ್ಯಾಚರಣ ವ್ಯವಸ್ಥೆ ಮಾತ್ರ, ಬ್ರೌಸರ್ ಹಗುರವಾಗುವುದಿಲ್ಲ. ಇಂದಿನ ಜಾಲತಾಣಗಳು ಭಾರವಾದವು. ಹತ್ತು ಪುಟಗಳನ್ನು ಒಟ್ಟಿಗೆ ತೆರೆದಿಟ್ಟರೆ ಯಾವ ವಿತರಣೆಯಾದರೂ ಏದುಸಿರು ಬಿಡುತ್ತದೆ.

ಯಾವ ಯಂತ್ರವನ್ನು ಉಳಿಸಿಕೊಳ್ಳಬೇಕು?

ವಿಂಡೋಸ್ 11ಕ್ಕೆ 4 ಜಿಬಿ ರ್ಯಾಮ್ ಮತ್ತು 64 ಜಿಬಿ ಸಂಗ್ರಹವಲ್ಲದೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಅಂಗೀಕೃತ ಪಟ್ಟಿಯಲ್ಲಿರುವ ಪ್ರೊಸೆಸರೂ ಬೇಕು. ಇಂಟೆಲ್ ಪ್ರೊಸೆಸರುಗಳಲ್ಲಿ ಸ್ಥೂಲವಾಗಿ ಎಂಟನೆಯ ತಲೆಮಾರು ಮತ್ತು ಅನಂತರದವು ಆ ಪಟ್ಟಿಯಲ್ಲಿವೆ. ಆದುದರಿಂದ 2017ಕ್ಕೆ ಮೊದಲು ಕೊಂಡ ಯಂತ್ರಗಳು, ಎಷ್ಟೇ ಗಟ್ಟಿಯಾಗಿದ್ದರೂ, ಹೊರಗುಳಿಯುತ್ತವೆ. ಲಿನಕ್ಸ್‌ಗೆ ಈ ನಿರ್ಬಂಧವಿಲ್ಲ. ಹಾಗೆಂದು ಎಲ್ಲ ಹಳೆಯ ಯಂತ್ರಗಳೂ ಉಳಿಸಿಕೊಳ್ಳಲು ಯೋಗ್ಯವೆಂದಲ್ಲ. ಮೂರು ವರ್ಗಗಳನ್ನು ಮಾಡಿಕೊಳ್ಳಬಹುದು.

ಮೊದಲನೆಯದು, 4 ಜಿಬಿ ಅಥವಾ ಹೆಚ್ಚಿನ ರ್ಯಾಮ್ ಇರುವ 64-ಬಿಟ್ ಯಂತ್ರಗಳು. ಇವು ಎಲ್ಲ ರೀತಿಯಿಂದಲೂ ಯೋಗ್ಯ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯು ಇವುಗಳಿಗೆ ಒಪ್ಪುತ್ತದೆ. ಅದರ ಪರದೆಯ ವಿನ್ಯಾಸವು ಹಳೆಯ ವಿಂಡೋಸನ್ನು ಹೋಲುವುದರಿಂದ ಗುಮಾಸ್ತರಿಗೆ ಅಪರಿಚಿತವೆನಿಸುವುದಿಲ್ಲ.

ಎರಡನೆಯದು, 2 ಜಿಬಿ ರ್ಯಾಮ್ ಇರುವ 64-ಬಿಟ್ ಯಂತ್ರಗಳು. ಇಂಟೆಲ್ ಕೋರ್ 2 ಡುಯೊ ಯುಗದ, ಅಂದರೆ 2006ರ ನಂತರದ ಅನೇಕ ಯಂತ್ರಗಳು ಈ ಗುಂಪಿನವು. ಲುಬುಂಟು, ಆಂಟಿಎಕ್ಸ್ ಮೊದಲಾದ ವಿತರಣೆಗಳು ಇವುಗಳಿಗೆ ಸೂಕ್ತ. ಒಂದೆರಡು ಜಾಲಪುಟ, ಒಂದು ಲೆಕ್ಕಹಾಳೆ, ಬಿಲ್ಲಿನ ಮುದ್ರಣ ಇಷ್ಟಕ್ಕೆ ಸಾಕು. ಸಾಧ್ಯವಾದರೆ ರ್ಯಾಮನ್ನು 4 ಜಿಬಿಗೆ ಏರಿಸಿ, ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದು ಉತ್ತಮ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ. ಚದುರಿದ ಸಣ್ಣ ಕಡತಗಳನ್ನು ಹುಡುಕಿ ತರುವುದರಲ್ಲಿ ಅದಕ್ಕೂ ಹಾರ್ಡ್ ಡಿಸ್ಕಿಗೂ ಅಗಾಧ ಅಂತರವಿದೆ. ಹಳೆಯ ಯಂತ್ರಕ್ಕೆ ಮಾಡುವ ಖರ್ಚುಗಳಲ್ಲಿ ಇದಕ್ಕಿಂತ ಫಲದಾಯಕವಾದುದು ಬೇರೊಂದಿಲ್ಲ.

ಮೂರನೆಯದು, 32-ಬಿಟ್ ಯಂತ್ರಗಳು. ಹಳೆಯ ಪೆಂಟಿಯಂ 4ಗಳಲ್ಲಿ ಹಲವು ಹಾಗೂ 2008ರ ಸುಮಾರಿನ ಪುಟ್ಟ ಲ್ಯಾಪ್‌ಟಾಪುಗಳಲ್ಲಿದ್ದ ಆ್ಯಟಂ ಎನ್270 ಪ್ರೊಸೆಸರುಗಳು ಈ ವರ್ಗದವು. ಇವುಗಳಿಗೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಗೂಗಲ್ ಸಂಸ್ಥೆಯು 32-ಬಿಟ್ ಲಿನಕ್ಸ್‌ಗೆ ಕ್ರೋಮ್ ಬ್ರೌಸರ್ ನೀಡುವುದನ್ನು 2016ರಲ್ಲಿಯೇ ನಿಲ್ಲಿಸಿತು. 2025ರ ಆಗಸ್ಟ್ ತಿಂಗಳಲ್ಲಿ ಬಿಡುಗಡೆಯಾದ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗಳಿಗೆ ಅನುಸ್ಥಾಪನಾ ತಟ್ಟೆಯೇ ಇಲ್ಲ. ಫೈರ್‌ಫಾಕ್ಸ್ ಬ್ರೌಸರಿನ ಹೊಸ ಆವೃತ್ತಿಗಳೂ 2025ರಿಂದ ಈ ವರ್ಗಕ್ಕೆ ಬರುತ್ತಿಲ್ಲ. ಬ್ಯಾಂಕು ಮತ್ತು ತೆರಿಗೆಯ ಕೆಲಸಕ್ಕೆ ಇಂತಹ ಯಂತ್ರವನ್ನು ಆಶ್ರಯಿಸದಿರುವುದು ಒಳ್ಳೆಯದು. ಇವುಗಳ ಮೇಲೆ ಹೊಸದಾಗಿ ಹಣ ಹೂಡಬಾರದು.

ವಿದ್ಯುತ್ತಿನ ಲೆಕ್ಕವನ್ನೂ ಹಾಕಬೇಕು. ಹಳೆಯ ಯಂತ್ರವೊಂದು 120 ವ್ಯಾಟ್, ಹೊಸದೊಂದು 40 ವ್ಯಾಟ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 300 ದಿನ ದುಡಿದರೆ ಮೊದಲನೆಯದಕ್ಕೆ 360 ಯೂನಿಟ್, ಎರಡನೆಯದಕ್ಕೆ 120 ಯೂನಿಟ್. ವ್ಯತ್ಯಾಸ 240 ಯೂನಿಟ್. ಕರೆಂಟು ಹೋದಾಗ ಯುಪಿಎಸ್ ಎಷ್ಟು ಹೊತ್ತು ಎಳೆಯುತ್ತದೆ ಎಂಬುದೂ ಇದರ ಮೇಲೆಯೇ ನಿಂತಿದೆ. ತೀರ ಹಳೆಯ ಯಂತ್ರವನ್ನು ಉಳಿಸಿಕೊಳ್ಳುವುದು ಉಳಿತಾಯವಾಗದಿರಬಹುದು.

ಯಾವ ಕೆಲಸ ಸಾಗುತ್ತದೆ, ಯಾವುದು ಸಾಗದು?

ಬ್ರೌಸರಿನ ಮೂಲಕ ನಡೆಯುವ ಕೆಲಸಗಳೆಲ್ಲ ಸಾಮಾನ್ಯವಾಗಿ ನಿರಾತಂಕವಾಗಿ ಸಾಗುತ್ತವೆ. ಜಿಎಸ್‌ಟಿ ಜಾಲತಾಣದಲ್ಲಿ ರಿಟರ್ನ್ ತುಂಬುವುದು, 50,000 ರೂಪಾಯಿ ಮೀರಿದ ಸರಕಿನ ಸಾಗಣೆಗೆ ಇ-ವೇ ಬಿಲ್ ತೆಗೆಯುವುದು, ಬ್ಯಾಂಕಿನ ಜಾಲವ್ಯವಹಾರ, ಇ-ಮೇಲ್, ಮೊಬೈಲಿಗೆ ಬರುವ ಒಟಿಪಿಯಿಂದ ದೃಢೀಕರಿಸುವ ವ್ಯವಹಾರಗಳು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಪತ್ರ, ದರಪಟ್ಟಿ, ಲೆಕ್ಕಹಾಳೆಗಳಿಗೆ ಲಿಬ್ರೆಆಫೀಸ್ ಇದೆ. ಅದು ವರ್ಡ್ ಮತ್ತು ಎಕ್ಸೆಲ್ ಕಡತಗಳನ್ನು ತೆರೆಯಬಲ್ಲದು. ಆದರೆ ಎಕ್ಸೆಲ್‌ನಲ್ಲಿ ಮ್ಯಾಕ್ರೊ ಬರೆಸಿ ಬಿಲ್ಲಿನ ವ್ಯವಸ್ಥೆ ಮಾಡಿಕೊಂಡಿರುವವರು ಅದು ಹಾಗೆಯೇ ನಡೆಯುತ್ತದೆಂದು ನಂಬಬಾರದು; ಪರೀಕ್ಷಿಸಿಯೇ ತೀರ್ಮಾನಿಸಬೇಕು.

ಲೆಕ್ಕಪತ್ರದ ತಂತ್ರಾಂಶದ್ದು ಬೇರೆಯೇ ಮಾತು. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ತಂತ್ರಾಂಶವು ವಿಂಡೋಸ್‌ಗಾಗಿ ರೂಪಿತವಾದುದು. ವೈನ್ ಎಂಬ ತಂತ್ರಾಂಶದ ನೆರವಿನಿಂದ ಲಿನಕ್ಸ್‌ನಲ್ಲಿ ಅದನ್ನು ನಡೆಸಲು ಯತ್ನಿಸುವವರಿದ್ದಾರೆ. ಆದರೆ ತಯಾರಕರ ಬೆಂಬಲವಿಲ್ಲದ ದಾರಿಯಲ್ಲಿ ವ್ಯಾಪಾರದ ಮೂಲ ಲೆಕ್ಕವನ್ನು ನಡೆಸುವುದು ಉಚಿತವಲ್ಲ. ಜಿಎಸ್‌ಟಿ ರಿಟರ್ನ್‌ಗಳ ಆಫ್‌ಲೈನ್ ಸಾಧನವೂ ವಿಂಡೋಸ್‌ಗಾಗಿಯೇ ಇದೆ. ಡಿಜಿಟಲ್ ಸಹಿಯ ಟೋಕನ್ ಬಳಸುವ ಸಂಸ್ಥೆಗಳು ಅದನ್ನೂ ವಿಂಡೋಸ್ ಯಂತ್ರದಲ್ಲಿಯೇ ಇರಿಸಿಕೊಳ್ಳುವುದು ಕ್ಷೇಮ.

ಗ್ನೂಕ್ಯಾಶ್‌ನಂತಹ ಮುಕ್ತ ಲೆಕ್ಕ ತಂತ್ರಾಂಶಗಳು ಸಣ್ಣ ಅಂಗಡಿಯ ಜಮಾಖರ್ಚಿಗೆ ಸಾಕಾಗಬಹುದು. ಆದರೆ ಕಂಪನಿಯಾಗಿ ನೋಂದಾಯಿತವಾದ ಸಣ್ಣ ಕೈಗಾರಿಕೆಗಳು ಒಂದು ನಿಯಮವನ್ನು ಗಮನದಲ್ಲಿಡಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕ ಸಹಿತ ದಾಖಲಾಗಬೇಕು. ಆ ದಾಖಲೆಯನ್ನು ಯಾರೂ ನಿಷ್ಕ್ರಿಯಗೊಳಿಸುವಂತಿರಬಾರದು. ತಂತ್ರಾಂಶ ಬದಲಾಯಿಸುವ ಮುನ್ನ ಲೆಕ್ಕ ಪರಿಶೋಧಕರ ಒಪ್ಪಿಗೆ ಪಡೆಯುವುದು ಅವಶ್ಯ.

ಆದುದರಿಂದ ಹಲವು ಯಂತ್ರಗಳಿರುವಲ್ಲಿ ಮಿಶ್ರ ವ್ಯವಸ್ಥೆಯೇ ಉತ್ತಮ. ಬೆಂಬಲವಿರುವ ವಿಂಡೋಸ್‌ನ ಒಂದು ಯಂತ್ರವನ್ನು ಟ್ಯಾಲಿ ಮತ್ತು ಡಿಜಿಟಲ್ ಸಹಿಗೆ ಮೀಸಲಿಟ್ಟು, ಉಳಿದವನ್ನು ಲಿನಕ್ಸ್‌ಗೆ ಬದಲಾಯಿಸಬಹುದು. ಆ ವಿಂಡೋಸ್ ಯಂತ್ರದಲ್ಲಿ ಪ್ರೊಫೆಷನಲ್ ಆವೃತ್ತಿಯಿದ್ದರೆ, ಲಿನಕ್ಸ್ ಯಂತ್ರದಿಂದ ರೆಮಿನಾ ಎಂಬ ತಂತ್ರಾಂಶದ ಮೂಲಕ ಅದರ ಪರದೆಯನ್ನೇ ತೆರೆದು ಕೆಲಸ ಮಾಡಬಹುದು. ಒಮ್ಮೆಗೆ ಒಬ್ಬರಿಗಷ್ಟೇ ಇದು ಸಾಧ್ಯವೆಂಬುದನ್ನು ನೆನಪಿಡಬೇಕು.

ಮುದ್ರಣ ಯಂತ್ರಗಳು

ಲಿನಕ್ಸ್ ಅಳವಡಿಸಿದ ಅನೇಕರಿಗೆ ಮೊದಲು ಎದುರಾಗುವ ತೊಡಕು ಪ್ರಿಂಟರಿನದು. ಎಚ್‌ಪಿ ಸಂಸ್ಥೆಯು ತನ್ನ ಪ್ರಿಂಟರುಗಳಿಗೆ ಲಿನಕ್ಸ್ ತಂತ್ರಾಂಶವನ್ನು ತಾನೇ ಒದಗಿಸುವುದರಿಂದ ಅವು ಬಹುತೇಕ ಸುಲಭವಾಗಿ ನಡೆಯುತ್ತವೆ. ಬಿಲ್ಲು ಮುದ್ರಿಸುವ ಎಪ್ಸನ್ ಮಾದರಿಯ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಿಗೆ ಸಾಮಾನ್ಯ ಡ್ರೈವರ್ ಸಾಕಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಬಹಳವಾಗಿ ಕಾಣಸಿಗುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ತನ್ನದೇ ಆದ ಸಂಕೇತಭಾಷೆಯನ್ನು ಬಳಸುತ್ತದೆ. ಅದನ್ನು ಲಿನಕ್ಸ್‌ಗೆ ಹೊಂದಿಸುವುದು ತಾಳ್ಮೆ ಬೇಡುವ ಕೆಲಸ. ಆ ಪ್ರಿಂಟರನ್ನು ವಿಂಡೋಸ್ ಯಂತ್ರಕ್ಕೆ ಜೋಡಿಸಿಟ್ಟು, ಕಡತವನ್ನು ಪಿಡಿಎಫ್ ಮಾಡಿ ಕಳುಹಿಸಿ ಮುದ್ರಿಸುವುದೇ ಸರಳ. ವಿದ್ಯುನ್ಮಾನ ತಕ್ಕಡಿಯನ್ನು ಗಣಕಕ್ಕೆ ಜೋಡಿಸಿ ತೂಕದ ಚೀಟಿ ತೆಗೆಯುವವರು, ತಕ್ಕಡಿಯೊಡನೆ ಬಂದ ತಂತ್ರಾಂಶವು ವಿಂಡೋಸ್‌ನದಾಗಿದ್ದರೆ ಆ ಯಂತ್ರವನ್ನು ಬದಲಾಯಿಸಬಾರದು. ಅದನ್ನು ಅಂತರಜಾಲದಿಂದ ಬೇರ್ಪಡಿಸಿ, ತೂಕಕ್ಕೆ ಮಾತ್ರ ಬಳಸಬಹುದು.

ಕನ್ನಡದ ಬಳಕೆ

ಕನ್ನಡದಲ್ಲಿ ವ್ಯವಹರಿಸುವವರಿಗೆ ಲಿನಕ್ಸ್ ಅನುಕೂಲಕರವಾಗಿದೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬೆಳೆದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ನಮಗೆಲ್ಲ ಪರಿಚಿತವಾದ ಕೀಲಿಮಣೆಯು ಲಿನಕ್ಸ್‌ನಲ್ಲಿ ‘ಕಗಪ’ ಎಂಬ ಹೆಸರಿನಲ್ಲಿಯೇ ಸೇರಿದೆ. ಭಾಷೆಯ ಪಟ್ಟಿಯಲ್ಲಿ ಅದನ್ನು ಆರಿಸಿಕೊಂಡರೆ ಸಾಕು. ಗುಬ್ಬಿ, ನವಿಲು, ಲೋಹಿತ್ ಮುಂತಾದ ಯುನಿಕೋಡ್ ಅಕ್ಷರಶೈಲಿಗಳು ಉಚಿತವಾಗಿ ದೊರೆಯುತ್ತವೆ. ಲಿಬ್ರೆಆಫೀಸ್‌ನ ಪರದೆಯನ್ನೇ ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು.

ತೊಡಕಿರುವುದು ಹಳೆಯ ಕಡತಗಳಲ್ಲಿ. ಯುನಿಕೋಡ್ ಬರುವ ಮುನ್ನ ನುಡಿ ಅಥವಾ ಬರಹದಲ್ಲಿ ಬೆರಳಚ್ಚಿಸಿದ ಪತ್ರಗಳು ಆಯಾ ಅಕ್ಷರಶೈಲಿ ಇಲ್ಲದಿದ್ದರೆ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಕಡತ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಅವನ್ನು ಯುನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳಿವೆ. ವಿಂಡೋಸನ್ನು ಅಳಿಸುವ ಮುನ್ನವೇ ಮುಖ್ಯವಾದ ಕರಾರುಪತ್ರ, ಬಾಡಿಗೆಪತ್ರಗಳನ್ನು ಪರಿವರ್ತಿಸಿ, ಜೊತೆಗೆ ಪಿಡಿಎಫ್ ಪ್ರತಿಯನ್ನೂ ತೆಗೆದಿಡುವುದು ಜಾಣತನ.

ಅಳವಡಿಸುವ ಕ್ರಮ

ಲಿನಕ್ಸ್‌ನ ಒಂದು ದೊಡ್ಡ ಅನುಕೂಲವೆಂದರೆ, ಯಂತ್ರದಲ್ಲಿರುವುದನ್ನು ಮುಟ್ಟದೆಯೇ ಅದನ್ನು ಪರೀಕ್ಷಿಸಿ ನೋಡಬಹುದು. ಕ್ರಮ ಹೀಗಿದೆ.

1. ವಿತರಣೆಯ ಅಧಿಕೃತ ಜಾಲತಾಣದಿಂದ ಐಎಸ್‌ಒ ಕಡತವನ್ನು ಇಳಿಸಿಕೊಳ್ಳಬೇಕು. ಬೇರೆಯವರಿಂದ ಪಡೆದ ಪ್ರತಿಯನ್ನು ನಂಬಬಾರದು.

2. 8 ಜಿಬಿ ಸಾಮರ್ಥ್ಯದ ಖಾಲಿ ಪೆನ್‌ಡ್ರೈವಿಗೆ ರೂಫಸ್ ಅಥವಾ ಎಚರ್ ತಂತ್ರಾಂಶದ ಮೂಲಕ ಅದನ್ನು ಬರೆಯಬೇಕು. ಪೆನ್‌ಡ್ರೈವಿನಲ್ಲಿ ಮೊದಲು ಇದ್ದುದೆಲ್ಲ ಅಳಿಸಿಹೋಗುತ್ತದೆ.

3. ಯಂತ್ರವನ್ನು ಆರಂಭಿಸುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಿ ಪೆನ್‌ಡ್ರೈವನ್ನು ಆರಿಸಬೇಕು. ಯಾವ ಕೀಲಿ ಎಂಬುದು ತಯಾರಕರನ್ನು ಅವಲಂಬಿಸಿದೆ.

4. ಪೆನ್‌ಡ್ರೈವಿನಿಂದಲೇ ಲಿನಕ್ಸ್ ತೆರೆದುಕೊಳ್ಳುತ್ತದೆ. ಈ ಹಂತದಲ್ಲಿ ಅಂತರಜಾಲ ಸಂಪರ್ಕ, ಪ್ರಿಂಟರ್, ಧ್ವನಿ, ಕನ್ನಡದ ಕೀಲಿಮಣೆ, ಜಿಎಸ್‌ಟಿ ಮತ್ತು ಬ್ಯಾಂಕಿನ ಜಾಲತಾಣಗಳ ಪ್ರವೇಶ ಇವನ್ನೆಲ್ಲ ಪರೀಕ್ಷಿಸಬೇಕು. ಪೆನ್‌ಡ್ರೈವಿನಿಂದ ನಡೆಯುವಾಗ ವೇಗ ಕಡಿಮೆಯಿರುತ್ತದೆ. ಅದನ್ನು ಕಂಡು ನಿರಾಶರಾಗಬೇಕಿಲ್ಲ.

5. ತೃಪ್ತಿಕರವೆನಿಸಿದರೆ, ಮೊದಲು ಎಲ್ಲ ಕಡತಗಳ ಎರಡು ಪ್ರತಿಗಳನ್ನು ಎರಡು ಬೇರೆ ಸಾಧನಗಳಲ್ಲಿ ತೆಗೆದಿರಿಸಬೇಕು. ಟ್ಯಾಲಿಯ ದತ್ತಾಂಶವನ್ನು ಮತ್ತೊಂದು ವಿಂಡೋಸ್ ಯಂತ್ರದಲ್ಲಿ ತೆರೆದು, ಕೊನೆಯ ಶಿಲ್ಕು ಸರಿಹೊಂದುತ್ತದೆಯೇ ಎಂದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಬಾರದು.

6. ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳನ್ನೂ ತಂತ್ರಾಂಶಗಳ ಪರವಾನಗಿ ಸಂಖ್ಯೆಗಳನ್ನೂ ಬರೆದಿಟ್ಟುಕೊಳ್ಳಬೇಕು.

7. ಇಷ್ಟಾದ ಮೇಲೆಯೇ ಅನುಸ್ಥಾಪನೆ ಮಾಡಬೇಕು. ಇದಕ್ಕೆ ಸಾಮಾನ್ಯವಾಗಿ ಒಂದು ಗಂಟೆಗಿಂತ ಹೆಚ್ಚು ಬೇಕಾಗದು. ಅನಂತರ ವಾರಕ್ಕೊಮ್ಮೆ ಪರಿಷ್ಕರಣೆಗಳನ್ನು ಹಾಕಿಕೊಳ್ಳಬೇಕು.

ಲಿನಕ್ಸ್‌ಗೆ ವೈರಸ್ ತಗಲುವುದೇ ಇಲ್ಲವೆಂಬ ಮಾತೊಂದು ಪ್ರಚಾರದಲ್ಲಿದೆ. ವಿಂಡೋಸ್‌ಗೆಂದು ಬರೆದ ವೈರಸ್ಸುಗಳು ಇಲ್ಲಿ ನೇರವಾಗಿ ನಡೆಯುವುದಿಲ್ಲವೆಂಬುದು ನಿಜ. ಆದರೆ ಬ್ಯಾಂಕಿನ ಹೆಸರಿನಲ್ಲಿ ಬರುವ ಸುಳ್ಳು ಸಂದೇಶವನ್ನು ನಂಬಿ ಒಟಿಪಿ ಹೇಳುವವರನ್ನು ಯಾವ ಕಾರ್ಯಾಚರಣ ವ್ಯವಸ್ಥೆಯೂ ರಕ್ಷಿಸಲಾರದು.

ಕಾಸರಗೋಡಿನ ಶಾಲೆಗಳ ನಿದರ್ಶನ

ಇಂತಹ ಬದಲಾವಣೆ ದೊಡ್ಡ ಪ್ರಮಾಣದಲ್ಲಿ ಸಾಧ್ಯವೇ ಎಂದು ಸಂಶಯಪಡುವವರು ನೆರೆಯ ಕೇರಳವನ್ನು ನೋಡಬಹುದು. ಅಲ್ಲಿನ ಸರ್ಕಾರದ ಐಟಿ@ಸ್ಕೂಲ್ ಯೋಜನೆಯು 2000ರ ದಶಕದಲ್ಲಿಯೇ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನು ನೆಲೆಗೊಳಿಸಿತು. ಅದೇ ಯೋಜನೆ ಮುಂದೆ ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟು ಆಧಾರಿತವಾದ ತನ್ನದೇ ವಿತರಣೆಯನ್ನು ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳಲ್ಲಿ ಬಳಸುವುದರಿಂದ ಸುಮಾರು 3,000 ಕೋಟಿ ರೂಪಾಯಿ ಉಳಿಯುವುದೆಂದು ಆ ಸಂಸ್ಥೆಯೇ 2019ರಲ್ಲಿ ಅಂದಾಜು ಮಾಡಿತ್ತು. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಶಾಲೆಗಳೂ ಈ ವ್ಯವಸ್ಥೆಯ ಒಳಗೇ ಇವೆ.

ವರ್ತಕರು ಇದರಿಂದ ಕಲಿಯಬೇಕಾದ ಪಾಠ ಹಣದ ಮೊತ್ತದ್ದಲ್ಲ. ಕೇರಳದಲ್ಲಿ ಯಂತ್ರಗಳಿಗೆ ತಂತ್ರಾಂಶ ಹಾಕಿ ಕೈತೊಳೆದುಕೊಳ್ಳಲಿಲ್ಲ. ಅಧ್ಯಾಪಕರಿಗೆ ತರಬೇತಿ ನೀಡಿದರು. ತಂತ್ರಾಂಶ ಉಚಿತವಾದರೂ ಅದನ್ನು ನೋಡಿಕೊಳ್ಳುವ ಮನುಷ್ಯನ ಸಮಯ ಉಚಿತವಲ್ಲ. ನಮ್ಮ ಊರುಗಳ ಗಣಕ ದುರಸ್ತಿಗಾರರಲ್ಲಿ ವಿಂಡೋಸ್ ಬಲ್ಲವರೇ ಹೆಚ್ಚು. ಆದುದರಿಂದ ಕೋಲಾರ ಅಥವಾ ಮುಳಬಾಗಿಲಿನಲ್ಲಿ ಲಿನಕ್ಸ್ ಬಲ್ಲ ಒಬ್ಬ ತಂತ್ರಜ್ಞರನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಾಲ್ಕೈದು ಅಂಗಡಿಯವರು ಸೇರಿ ಒಬ್ಬರನ್ನು ನೇಮಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಗುಮಾಸ್ತರಿಗೆ ಕನಿಷ್ಠ ಒಂದು ವಾರ ರೂಢಿಯಾಗಲು ಅವಕಾಶ ಕೊಡಬೇಕು.

ಒಂದು ಲೆಕ್ಕಾಚಾರ

ದೇವರಾಯಸಮುದ್ರದ ಹೆದ್ದಾರಿ ಬದಿಯಲ್ಲಿ ಕಬ್ಬಿಣ ಮತ್ತು ಸಿಮೆಂಟಿನ ಅಂಗಡಿಯೊಂದಿದೆ ಎಂದು ಭಾವಿಸೋಣ. ಅಲ್ಲಿ ಮೂರು ಗಣಕಯಂತ್ರಗಳಿವೆ. ಮೊದಲನೆಯದು 2016ರದು, ಆರನೆಯ ತಲೆಮಾರಿನ ಐ5, 8 ಜಿಬಿ ರ್ಯಾಮ್; ಇದರಲ್ಲಿ ಟ್ಯಾಲಿ ಇದೆ. ಎರಡನೆಯದು 2012ರದು, ಮೂರನೆಯ ತಲೆಮಾರಿನ ಐ3, 4 ಜಿಬಿ. ಇದರಲ್ಲಿ ಇ-ವೇ ಬಿಲ್ ಮತ್ತು ಪತ್ರವ್ಯವಹಾರ. ಮೂರನೆಯದು 2005ರ ಪೆಂಟಿಯಂ 4, 1 ಜಿಬಿ. ದಾಸ್ತಾನಿನ ಪಟ್ಟಿಗೆ ಬಳಕೆ. ಮೂರರಲ್ಲಿ ಒಂದೂ ವಿಂಡೋಸ್ 11ಕ್ಕೆ ಅರ್ಹವಲ್ಲ.

ಮೂರನ್ನೂ ಎಸೆದು ಮೂರು ಹೊಸ ಯಂತ್ರ ಕೊಳ್ಳುವುದು ಒಂದು ದಾರಿ. ಇನ್ನೊಂದು ದಾರಿ ಹೀಗಿದೆ: ಟ್ಯಾಲಿ ಮತ್ತು ಡಿಜಿಟಲ್ ಸಹಿಗಾಗಿ ಪರವಾನಗಿ ಸಹಿತ ಒಂದೇ ಹೊಸ ವಿಂಡೋಸ್ ಯಂತ್ರ ಕೊಳ್ಳುವುದು, ಐ5 ಯಂತ್ರಕ್ಕೆ ಲಿನಕ್ಸ್ ಹಾಕಿ ಇ-ವೇ ಬಿಲ್, ಬ್ಯಾಂಕು, ಪತ್ರವ್ಯವಹಾರವನ್ನು ಅದಕ್ಕೆ ವರ್ಗಾಯಿಸುವುದು, ಐ3 ಯಂತ್ರಕ್ಕೆ ಎಸ್‌ಎಸ್‌ಡಿ ಮತ್ತು ಲಿನಕ್ಸ್ ಹಾಕಿ ದಾಸ್ತಾನಿಗೆ ಇಡುವುದು, ಪೆಂಟಿಯಂ 4ನ್ನು ನಿವೃತ್ತಿಗೊಳಿಸುವುದು. ಖರ್ಚು ಒಂದು ಯಂತ್ರ, ಒಂದು ಎಸ್‌ಎಸ್‌ಡಿ ಹಾಗೂ ತಂತ್ರಜ್ಞರ ಕೂಲಿ. ಮೂರು ಕೆಲಸಗಳೂ ಭದ್ರತಾ ಪರಿಹಾರ ಬರುವ ತಂತ್ರಾಂಶದ ಮೇಲೆ ನಿಲ್ಲುತ್ತವೆ.

ಒಂದೇ ಯಂತ್ರವಿದ್ದು, ಅದರಲ್ಲಿ ಟ್ಯಾಲಿಯೇ ಮುಖ್ಯ ಕೆಲಸವಾಗಿರುವ ವರ್ತಕರಿಗೆ ಈ ಲೇಖನದ ಸಲಹೆ ಬೇರೆ: ಅವರು ಹೊಸ ವಿಂಡೋಸ್ ಯಂತ್ರವನ್ನೇ ಕೊಳ್ಳುವುದು ಲೇಸು. ಕೇವಲ ಕೈಬರಹದ ಚೀಟಿ, ಪತ್ರ, ಬ್ಯಾಂಕಿನ ಕೆಲಸವಿರುವವರಿಗೆ ಲಿನಕ್ಸ್ ಪೂರ್ಣ ಪರಿಹಾರವಾಗುತ್ತದೆ.

ನಿವೃತ್ತವಾದ ಯಂತ್ರವನ್ನು ಗುಜರಿಯವರಿಗೆ ಕೊಡುವ ಮುನ್ನ ಹಾರ್ಡ್ ಡಿಸ್ಕನ್ನು ಕಳಚಿಟ್ಟುಕೊಳ್ಳಬೇಕು ಅಥವಾ ಪೂರ್ಣವಾಗಿ ಅಳಿಸಬೇಕು. ಗ್ರಾಹಕರ ಬಾಕಿ, ಬ್ಯಾಂಕಿನ ವಿವರ, ಪಾನ್ ಸಂಖ್ಯೆಗಳು ಅದರಲ್ಲಿರುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಆಶಯದಂತೆ, ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವುದು ಸರಿಯಾದ ಕ್ರಮ.

ಯಾವಾಗ ಆರಂಭಿಸಬೇಕು?

ಬದಲಾವಣೆಗೆ ಸಮಯದ ಆಯ್ಕೆ ಮುಖ್ಯ. ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ದಿನಗಳು ಬೇಡ. ತಿಂಗಳ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ 11ನೆಯ ತಾರೀಖು ಹಾಗೂ ಜಿಎಸ್‌ಟಿಆರ್-3ಬಿಯ 20ನೆಯ ತಾರೀಖಿನ ಆಸುಪಾಸು ಬೇಡ. ಟೊಮೇಟೊ ಅಥವಾ ಮಾವಿನ ಭರಾಟೆಯ ವಾರಗಳಲ್ಲಂತೂ ಯಂತ್ರವನ್ನು ಬಿಚ್ಚಲೇಬಾರದು. ವ್ಯಾಪಾರ ತಣ್ಣಗಿರುವ ವಾರವೊಂದರಲ್ಲಿ, 20ರ ನಂತರ, ಅತ್ಯಂತ ಕಡಿಮೆ ಮಹತ್ವದ ಯಂತ್ರದಿಂದ ಆರಂಭಿಸಬೇಕು. ಒಂದು ಪೂರ್ಣ ತಿಂಗಳು ಅದು ತೊಂದರೆಯಿಲ್ಲದೆ ನಡೆದ ಮೇಲೆ ಎರಡನೆಯದಕ್ಕೆ ಕೈಹಾಕಬೇಕು.

ಸದಸ್ಯ ಬಾಂಧವರು ಈ ವಾರವೇ ಮಾಡಬಹುದಾದ ಕೆಲಸವೊಂದಿದೆ. ಒಂದು ಹಾಳೆಯಲ್ಲಿ ತಮ್ಮಲ್ಲಿರುವ ಪ್ರತಿಯೊಂದು ಗಣಕಯಂತ್ರದ ಹೆಸರು, ಕೊಂಡ ವರ್ಷ, ಪ್ರೊಸೆಸರ್, ರ್ಯಾಮ್, ಜೋಡಿಸಿರುವ ಪ್ರಿಂಟರ್ ಹಾಗೂ ಅದರಲ್ಲಿ ನಡೆಯುವ ಕೆಲಸಗಳನ್ನು ಬರೆಯಬೇಕು. ಬ್ರೌಸರಿನಲ್ಲಿ ನಡೆಯುವ ಕೆಲಸಗಳ ಮುಂದೆ ಒಂದು ಗುರುತು, ವಿಂಡೋಸ್ ಬೇಕೇಬೇಕೆನ್ನುವ ಕೆಲಸಗಳ ಮುಂದೆ ಇನ್ನೊಂದು ಗುರುತು ಹಾಕಬೇಕು. ಯಾವ ಯಂತ್ರ ಉಳಿಯಬೇಕು, ಯಾವುದು ಹೋಗಬೇಕು, ಎಷ್ಟು ಹೊಸದು ಕೊಳ್ಳಬೇಕು ಎಂಬುದು ಆ ಹಾಳೆಯಿಂದಲೇ ತಿಳಿಯುತ್ತದೆ. ಮಾರಾಟಗಾರರ ಬಳಿಗೆ ಹೋಗುವುದು ಅದಾದ ಮೇಲಿನ ಮಾತು.